ಗ್ರೆಪ್ ಎಂಬ ಜರಡಿ

ಹೋದ ಗುರುವಾರ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಒಂದು ಫಜೀತಿ ಆಯಿತು. ಇರುವುದೇ ಒಂದು ಕಂಪ್ಯೂಟರ್. ಆರನೇ ತರಗತಿಯ ಹುಡುಗಿಯೊಬ್ಬಳು ಪ್ರತಿಭಾ ಕಾರಂಜಿಗೆ ಭಾಷಣ ಟೈಪ್ ಮಾಡಿ, ಸೇವ್ ಮಾಡದೆ ಊಟಕ್ಕೆ ಹೋಗಿದ್ದಳು. ನಾನು ಅದನ್ನು ಮುಚ್ಚದೆ ಟಕ್ಸ್‌ಪೇಂಟ್ ತೆರೆದು ನಮ್ಮೂರ ತೇರಿನ ಚಿತ್ರ ಬಿಡಿಸುತ್ತಿದ್ದೆ. ಅಷ್ಟರಲ್ಲಿ ಟಕ್ಸ್‌ಪೇಂಟ್ ನಿಂತೇ ಹೋಯಿತು. ಏನು ಒತ್ತಿದರೂ ಕೇಳಲಿಲ್ಲ. "ಸ್ವಿಚ್ ಆರಿಸೋ" ಅಂದರು ಎಲ್ಲರೂ. ಆರಿಸಿದರೆ ಅವಳ ಭಾಷಣದ ಗತಿ ಏನು? ಆಗ ವಿಜ್ಞಾನದ ಸರ್ ಹೇಳಿಕೊಟ್ಟ ಪಾಠ ನೆನಪಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಒಂದೊಂದು ಕೆಲಸಕ್ಕೂ ಪ್ರೊಸೆಸ್ ಎಂದು ಹೆಸರು. ನಮಗೆ ಕಾಣುವುದು ಎರಡೇ ಕಿಟಕಿಯಾದರೂ ಒಳಗೆ ನೂರಕ್ಕಿಂತ ಹೆಚ್ಚು ಪ್ರೊಸೆಸ್ ಇರುತ್ತವೆ. ಹಾಜರಿ ಪುಸ್ತಕದಲ್ಲಿ ನಮಗಿರುವ ಹಾಗೆ ಪ್ರತಿಯೊಂದಕ್ಕೂ ಒಂದು ನಂಬರ್ ಇರುತ್ತದೆ. ಅದೇ ಪಿಐಡಿ. ಎಲ್ಲರ ಹಾಜರಿ ತೋರಿಸುವ ಆಜ್ಞೆ ಪಿಎಸ್.

ಈ ಆಜ್ಞೆಗಳು ಯೂನಿಕ್ಸ್‌ನಿಂದ ಬಂದವು. ಯೂನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾಯಿತು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಕಟ್ಟಿದವರಲ್ಲಿ ಮುಖ್ಯರು. ನಮ್ಮ ಕಂಪ್ಯೂಟರಿನ ಉಬುಂಟು ಲಿನಕ್ಸ್ ಜಾತಿಯದು. ಲಿನಕ್ಸನ್ನು 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದರು. ಅದೂ ಯೂನಿಕ್ಸ್ ಥರಾನೇ ನಡೆಯುತ್ತದೆ.

ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದೆ. ಟರ್ಮಿನಲ್ ಬಂತು. "ಪಿಎಸ್ ಎಯುಎಕ್ಸ್" ಎಂದು ಕೊಟ್ಟೆ. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಒತ್ತಬೇಕು.) ಸಾಲುಗಳು ಸರಸರ ಓಡಿದವು. ಅದರಲ್ಲಿ ಹುಡುಕೋದು ಹೇಗೆ? ಕಾಳಿನಿಂದ ಕಲ್ಲು ಬೇರೆ ಮಾಡಲು ಅಮ್ಮ ಜರಡಿ ಹಿಡಿಯುತ್ತಾಳೆ. ಇಲ್ಲಿ ಜರಡಿಯೇ ಗ್ರೆಪ್. ನಾವು ಹೇಳಿದ ಪದ ಇರುವ ಸಾಲನ್ನು ಮಾತ್ರ ಅದು ಉಳಿಸುತ್ತದೆ.

ಪಿಎಸ್ ಎಯುಎಕ್ಸ್ | ಗ್ರೆಪ್ ಟಕ್ಸ್‌ಪೇಂಟ್

ನಡುವಿನ ನಿಂತ ಗೆರೆಗೆ ಪೈಪ್ ಅಂತಾರೆ. ಎಡಗಡೆಯ ಆಜ್ಞೆಯಿಂದ ಬಂದದ್ದು ಪೈಪಿನಲ್ಲಿ ಹರಿದು ಬಲಗಡೆಯ ಆಜ್ಞೆಗೆ ಸೇರುತ್ತದೆ. ಡಗ್ಲಸ್ ಮೆಕ್ಇಲ್ರಾಯ್ ಎಂಬುವರ ಈ ಯೋಚನೆ 1973ರಲ್ಲಿ ಯೂನಿಕ್ಸ್‌ಗೆ ಬಂತು.

ಈಗ ಎರಡೇ ಸಾಲು ಉಳಿದವು. ನಾನು ಅವಸರದಲ್ಲಿ ಕೆಳಗಿನ ಸಾಲಿನ ನಂಬರ್ ಹಿಡಿದು "ಕಿಲ್" ಆಜ್ಞೆ ಕೊಟ್ಟೆ. ಅಂಥ ಪ್ರೊಸೆಸ್ಸೇ ಇಲ್ಲ ಅಂತ ಉತ್ತರ ಬಂತು! ಏಕೆ ಗೊತ್ತೇ?

ಹತ್ತು ಜನ ಹೊಳೆ ದಾಟಿ ಎಣಿಸಿದ ಕಥೆ ನೀವು ಕೇಳಿದ್ದೀರಿ. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ "ಒಂಬತ್ತೇ ಜನ" ಎಂದು ಅತ್ತನು. ಗ್ರೆಪ್ ಇದಕ್ಕೆ ತಿರುಗಾಮುರುಗಾ. ಗ್ರೆಪ್ ಕೂಡ ಒಂದು ಪ್ರೊಸೆಸ್. ಅದು ಪಿಎಸ್ ಜೊತೆಗೇ ಹೊರಡುತ್ತದೆ. ಅದರ ಆಜ್ಞೆಯಲ್ಲೂ "ಟಕ್ಸ್‌ಪೇಂಟ್" ಪದ ಇದೆಯಲ್ಲ! ಅದಕ್ಕೇ ತನ್ನ ಸಾಲನ್ನೂ ತಾನೇ ಹಿಡಿದು ತೋರಿಸುತ್ತದೆ. ನಾವು ಓದುವಷ್ಟರಲ್ಲಿ ಅದರ ಕೆಲಸ ಮುಗಿದು ಹೋಗಿರುತ್ತದೆ.

ಇದಕ್ಕೆ ಒಂದು ಉಪಾಯ ಇದೆ. ಮೊದಲ ಅಕ್ಷರಕ್ಕೆ ಚೌಕ ಕಂಸ ಹಾಕಬೇಕು.

ಪಿಎಸ್ ಎಯುಎಕ್ಸ್ | ಗ್ರೆಪ್ '[ಟ]ಕ್ಸ್‌ಪೇಂಟ್'

ಕಂಸದೊಳಗಿನ ಅಕ್ಷರಗಳಲ್ಲಿ ಯಾವುದಾದರೂ ಒಂದು ಎಂದು ಇದರ ಅರ್ಥ. ಒಳಗೆ ಒಂದೇ ಅಕ್ಷರ ಇರುವುದರಿಂದ ಗ್ರೆಪ್ ಹುಡುಕುವುದು ಟಕ್ಸ್‌ಪೇಂಟನ್ನೇ. ಆದರೆ ಗ್ರೆಪ್‌ನ ಸ್ವಂತ ಸಾಲಿನಲ್ಲಿ ಮೊದಲ ಅಕ್ಷರದ ಪಕ್ಕ ಕಂಸ ಅಡ್ಡ ನಿಂತಿದೆ. ಆದ್ದರಿಂದ ಆ ಸಾಲು ಹೊಂದುವುದಿಲ್ಲ. ಒಂದೇ ಸಾಲು ಉಳಿಯುತ್ತದೆ. ಪಿಗ್ರೆಪ್ ಎಂಬ ಇನ್ನೊಂದು ಆಜ್ಞೆಯೂ ಇದೆ, ಅದು ತನ್ನನ್ನು ಬಿಟ್ಟು ಬರೀ ನಂಬರ್ ಕೊಡುತ್ತದೆ.

ಸರಿಯಾದ ನಂಬರಿಗೆ ಕಿಲ್ ಕೊಟ್ಟೆ. ಬರೀ ಕಿಲ್ ಎಂದರೆ "ದಯವಿಟ್ಟು ನಿಲ್ಲು" ಎಂದ ಹಾಗೆ. ಅದು ಕೇಳಲಿಲ್ಲ. ಕೊನೆಗೆ ಕಿಲ್ ಮೈನಸ್ 9 ಕೊಟ್ಟೆ. ಇದನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಸೇವ್ ಮಾಡಿಕೊಳ್ಳಲೂ ಸಮಯ ಸಿಗದು. ಆದ್ದರಿಂದ ಮೊದಲೇ ಇದನ್ನು ಕೊಡಬಾರದು. ನಂಬರನ್ನು ಎರಡು ಸಲ ನೋಡಿಕೊಳ್ಳಬೇಕು.

ಟಕ್ಸ್‌ಪೇಂಟ್ ಮುಚ್ಚಿತು. ಭಾಷಣ ಹಾಗೇ ಇತ್ತು, ಒಂದು ಅಕ್ಷರವೂ ಹೋಗಿರಲಿಲ್ಲ. ನನ್ನ ತೇರು ಮಾತ್ರ ಹೋಯಿತು. ನಾನೂ ಸೇವ್ ಮಾಡಿರಲಿಲ್ಲ!

– 7ನೇ ತರಗತಿ ವಿದ್ಯಾರ್ಥಿ