ಹೊಸೂರಿಗೆ ವಿಮಾನ ಇಳಿದರೆ ರಸ್ತೆಗೆ ಎಷ್ಟು ವಾಹನ?

ಹೊಸೂರು ಭಾಗದ ಕನ್ನಡಿಗರ ಭೂಮಿ, ಭಾಷೆಯ ಬಗ್ಗೆ ಮಾತಾಯ್ತು. ನಾನು ರಸ್ತೆಯ ಲೆಕ್ಕವೊಂದನ್ನೇ ಹೇಳ್ತೀನಿ. 2024ರ ಜೂನ್‌ನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಸಾಮರ್ಥ್ಯದ ವಿಮಾನ ನಿಲ್ದಾಣವನ್ನು ಘೋಷಿಸಿದರು. ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿರುವ 150 ಕಿ.ಮೀ. ಷರತ್ತನ್ನು ವಕೀಲರಿಗೆ ಬಿಡೋಣ.

3 ಕೋಟಿಯನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 82,000. ಇದರಲ್ಲಿ ಬರುವವರೂ ಹೋಗುವವರೂ ಸೇರಿದ್ದಾರೆ, ಹಾಗಾಗಿ ಮತ್ತೆ ಎರಡರಿಂದ ಗುಣಿಸಬಾರದು. ವಿಮಾನ ಬದಲಾಯಿಸಿ ಮುಂದೆ ಹೋಗುವವರು ರಸ್ತೆಗೇ ಬರೋದಿಲ್ಲ. ಅಂಥವರು ಶೇ. 15 ಎಂದು ಹಿಡಿದರೆ ಉಳಿದದ್ದು ಹತ್ತಿರಹತ್ತಿರ 70,000. ಕಾಲು ಭಾಗ ಬಸ್ಸಿಗೆ ಹೋಯಿತು ಅನ್ನಿ. 52,500 ಜನ ಕಾರು, ಟ್ಯಾಕ್ಸಿಯಲ್ಲಿ. ಒಂದು ಕಾರಿಗೆ ಸರಾಸರಿ ಒಂದೂವರೆ ಪ್ರಯಾಣಿಕರಾದರೆ 35,000 ಕಾರು.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ಮಗನನ್ನು ಬಿಟ್ಟುಬರಲು ಹೋದ ಅಪ್ಪ ವಾಪಸ್ ಬರಬೇಕಲ್ಲ? ಟ್ಯಾಕ್ಸಿಗೆ ಬಾಡಿಗೆ ಸಿಗದಿದ್ದರೆ ಖಾಲಿ ಬರುತ್ತೆ. ಅರ್ಧದಷ್ಟು ಪ್ರಯಾಣಕ್ಕೆ ಇಂಥ ಖಾಲಿ ಓಟ ಸೇರಿಸಿದರೆ 52,500 ಆಗುತ್ತೆ. ಕಾರಿಗೆ ಒಂದೂವರೆ ಬದಲು 1.2 ಜನ ಅಂತ ಹಿಡಿದು ನೋಡಿ, ಅದೇ ಲೆಕ್ಕ 65,000 ದಾಟುತ್ತೆ. ಒಂದು ಸಣ್ಣ ದಶಾಂಶಕ್ಕೆ 13,000 ವಾಹನದ ವ್ಯತ್ಯಾಸ! ಇವೆಲ್ಲ ನನ್ನ ಊಹೆಯ ಅಂಕಿಗಳು. ಆದ್ದರಿಂದಲೇ, ವರದಿ ಬಂದಾಗ ಮೊತ್ತಕ್ಕಿಂತ ಮೊದಲು ಈ ಊಹೆಗಳನ್ನು ಕೇಳಿ ತಗೊಳ್ಳಿ.

ನೌಕರರು, ಸರಕು ಲಾರಿಗಳು ಬೇರೆ. ನೌಕರರದು ಪಾಳಿ ಬದಲಾಗುವ ಹೊತ್ತಿನ ದಟ್ಟಣೆ. ರಸ್ತೆಯ ಅಗಲ ನಿರ್ಧಾರವಾಗೋದು ದಿನದ ಮೊತ್ತದಿಂದಲ್ಲ, ಅತಿ ದಟ್ಟಣೆಯ ಗಂಟೆಯಿಂದ. 52,500ರಲ್ಲಿ ಶೇ. 8 ಒಂದೇ ಗಂಟೆಯಲ್ಲಿ ಬಂದರೂ 4,200. ಅದೇ ಗಂಟೆ ಹೊಸೂರಿನ ಕಾರ್ಖಾನೆಗಳ ಪಾಳಿಯ ಗಂಟೆಯೂ ಆದರೆ?

ಇನ್ನು ಯಾವ ದಿಕ್ಕಿಗೆ? ಬಹುಪಾಲು ಎಲೆಕ್ಟ್ರಾನಿಕ್ ಸಿಟಿ ಕಡೆಗೇ ಅಂತ ನನ್ನ ಅಂದಾಜು. ಹಾಗಾಗಿ ಎಣಿಕೆದಾರರು ಮೊದಲು ಅತ್ತಿಬೆಲೆಯಲ್ಲಿ ನಿಲ್ತಾರೆ, ಏಳು ದಿನ, ಹಗಲೂ ರಾತ್ರಿ. ತಪ್ಪೇನಿಲ್ಲ. ಆದರೆ ಕೆಲಮಂಗಲದಿಂದ ಹೊಸೂರಿನ ಕಾರ್ಖಾನೆಗೆ ಬೈಕಲ್ಲಿ ಬರುವ ಹುಡುಗ, ತಳಿ ಕಡೆಯಿಂದ ಹೊಸೂರು ಮಾರುಕಟ್ಟೆಗೆ ಹೂವು ತರುವ ರೈತ ಅತ್ತಿಬೆಲೆ ದಾಟೋದೇ ಇಲ್ಲ. ಅವರ ರಸ್ತೆಗೆ ವಿಮಾನದ ವಾಹನ ಸೇರಿದಾಗ ಆಗುವ ತಡ ಆ ಎಣಿಕೆಗೆ ಸಿಗದು. ತಳಿ, ಡೆಂಕಣಿಕೋಟೆ, ಬಾಗಲೂರು ರಸ್ತೆಗಳಲ್ಲೂ ಎಣಿಕೆ ಬೇಕು. ಮನೆ ಸಮೀಕ್ಷೆಯಾದರೆ ಪ್ರಶ್ನೆಗಳು ತಮಿಳಿನ ಜೊತೆ ಕನ್ನಡ, ತೆಲುಗಿನಲ್ಲೂ ಇರಬೇಕು. ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಡ್ತೀರಿ ಅಂತ ಅರ್ಥವಾಗುವ ಭಾಷೆಯಲ್ಲಿ ಕೇಳದಿದ್ದರೆ ಉತ್ತರದ ಜಾಗ ಖಾಲಿ ಉಳಿಯುತ್ತೆ. ಲೆಕ್ಕದಲ್ಲಿ ಖಾಲಿ ಅಂದರೆ ಸೊನ್ನೆ.