ಗುಜರಿಗೆ ಹೊರಟ ಲೇತಿಗೆ ಮರುಜೀವ

ಹರಿಹರ: ಈ ಊರಿನ ಹೆಸರೆತ್ತಿದರೆ ಲೇತು ನೆನಪಾಗುತ್ತಿದ್ದ ಕಾಲವೊಂದಿತ್ತು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿಂದ ಊರೂರಿಗೆ ಲೇತು ಕಳಿಸಿತು. 2001ರ ಹೊತ್ತಿಗೆ ಅದರ ಬಾಗಿಲು ಮುಚ್ಚಿತು. ಕೆಲಸಗಾರರು ದಿಕ್ಕಾಪಾಲಾದರು. ಅವರ ಕೈಯಿಂದ ಹೊರಬಂದ ಲೇತುಗಳು ಮಾತ್ರ ಅಷ್ಟು ಸುಲಭಕ್ಕೆ ಸಾಯುವಂಥವಲ್ಲ.

ಅಂಥದೊಂದು ಲೇತು ಈಗ ನಿವೃತ್ತ ಟರ್ನರ್ ಒಬ್ಬರ ಹಿತ್ತಲ ಶೆಡ್ಡಿನಲ್ಲಿ ನಿಂತಿದೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಲು ಹೊರಟಿದ್ದನ್ನು ಇವರು ಅದೇ ಲೆಕ್ಕದಲ್ಲಿ ಕೊಂಡು ತಂದರು. ಮನೆಯಲ್ಲಿ ರಂಪವೋ ರಂಪ!

“ಅಪ್ಪಾ, ಈ ತುಕ್ಕಿನ ಮುದ್ದಿಗೆ ಯಾಕ ದುಡ್ಡು ಸುರದಿ?” ಎಂದು ಮಗನ ತಕರಾರು.

“ಮೇಲಿನ ತುಕ್ಕು ನೋಡಬ್ಯಾಡ ತಮ್ಮಾ, ಬೆಡ್ ನೋಡು” ಎಂದರು ಹಿರಿಯರು.

ಮೊದಲು ಸೀಮೆಎಣ್ಣೆ, ತಂತಿ ಬ್ರಷ್ಷು. ಬೆಡ್ಡಿಗೆ ಮಾತ್ರ ಗ್ರೈಂಡರ್ ತಾಗಿಸಲು ಬಿಡಲಿಲ್ಲ. ಉಜ್ಜಿದರೆ ತುಕ್ಕಿನ ಜೊತೆ ಅಳತೆಯೂ ಹೋಗುತ್ತದಲ್ಲ! ಬಿಚ್ಚಿದ ಗಿಯರ್‌ಗಳಿಗೆ ಒಂದೊಂದಕ್ಕೂ ಚೀಟಿ ಕಟ್ಟಿಟ್ಟರು.

ನಿಜವಾದ ರೋಗ ಸಿಕ್ಕಿದ್ದು ಆಮೇಲೆ. ಲೇತಿನ ಕೆಲಸವೆಲ್ಲ ಹೆಚ್ಚಾಗಿ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲೇ. ಅಲ್ಲಿಗೆ ಸರಿಹೋಗುವಂತೆ ಕ್ಯಾರೇಜ್ ಬಿಗಿ ಮಾಡಿದರೆ, ಸವೆಯದ ಇನ್ನೊಂದು ತುದಿಯಲ್ಲಿ ಅದು ಕಚ್ಚಿ ನಿಲ್ಲುತ್ತದೆ. ಬಣ್ಣ ಬಳಿದು ಮುಚ್ಚುವ ರೋಗವಲ್ಲ ಇದು. ನೆಟ್ಟಗಿರುವ ಪಟ್ಟಿಗೆ ತೆಳ್ಳಗೆ ನೀಲಿ ಹಚ್ಚಿ ಬೆಡ್ ಮೇಲೆ ಎಳೆಯಬೇಕು. ನೀಲಿ ಅಂಟಿದ ಉಬ್ಬನ್ನು ಸ್ಕ್ರೇಪರ್‌ನಿಂದ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ. ತಿಂಗಳುಗಟ್ಟಲೆ ಇದೇ ಪೂಜೆ. ಬೇಸತ್ತ ಮಗ ಒಂದು ದಿನ ತಾನೇ ಸ್ಕ್ರೇಪರ್ ಹಿಡಿದ. ಆಮೇಲೆ ಬಿಡಲಿಲ್ಲ.

ಮೋಟಾರಿಗೆ ತ್ರೀ ಫೇಸ್ ಕರೆಂಟು ಬೇಕು, ಮನೆಗಿರುವುದು ಸಿಂಗಲ್ ಫೇಸ್. ಮಗನೇ ಡ್ರೈವ್ ಒಂದನ್ನು ತಂದು ಜೋಡಿಸಿದ. ಅಪ್ಪನಿಗೆ ಗೊತ್ತಿಲ್ಲದ ವಿದ್ಯೆ ಅದು.

ಕೊನೆಗೆ ಪರೀಕ್ಷೆ. ಚಕ್ಕಿಗೆ ಸರಳು ಕಚ್ಚಿಸಿ, ಟೂಲನ್ನು ಒಂದೇ ಅಳತೆಯಲ್ಲಿಟ್ಟು ಎರಡು ಕಡೆ ತುರಿದು ಮೈಕ್ರೋಮೀಟರ್ ಹಿಡಿದರು. ಮೊದಲ ಸಲ ಎರಡೂ ಕೂಡಲಿಲ್ಲ. ಕಾಲುಗಳ ಕೆಳಗೆ ತಗಡು ಕೊಟ್ಟು, ಬೆಡ್ಡಿನ ತಿರುಚು ತೆಗೆದ ಮೇಲೆ ಅಳತೆ ಕೂಡಿತು. ಹಿರಿಯರು ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡರಂತೆ.

ಈಗ ರೈತರ ಪಂಪಿನ ಬುಷ್ಷು ಇಲ್ಲೇ ಸಿದ್ಧ. ದೊಡ್ಡ ಲಾಭವೇನಿಲ್ಲ. ಆದರೆ ಒಂದು ಲೇತು ತೂಕಕ್ಕೆ ಹೋದಾಗ ಕಬ್ಬಿಣದ ದುಡ್ಡಾದರೂ ಸಿಗುತ್ತದೆ. ಕೆರೆಯುವ ಕೈ ಮಣ್ಣಿಗೆ ಹೋದರೆ ಅದನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಈ ಶೆಡ್ಡಿನಲ್ಲಂತೂ ಆ ಕೈ ಇನ್ನೊಂದು ತಲೆಗೆ ದಾಟಿದೆ. ಉಳಿದ ಹಿತ್ತಲುಗಳ ಕಥೆ ಏನು?