ದೊಡ್ಡ ಫೈಲು, ಸಣ್ಣ ತುಂಡುಗಳು

ಕಡೂರು ತಾಲ್ಲೂಕಿನ ಪಂಚನಹಳ್ಳಿಯಿಂದ 2 ಜಿಬಿಯ ವಿಡಿಯೊ ಒಂದನ್ನು ಕ್ಲೌಡಿಗೆ ಕಳುಹಿಸಬೇಕೆನ್ನಿ. ಸೆಕೆಂಡಿಗೆ 4 ಮೆಗಾಬಿಟ್ ವೇಗವಿದ್ದರೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಇಡಿಯಾಗಿ ಕಳುಹಿಸುವಾಗ 50ನೇ ನಿಮಿಷದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಮತ್ತೆ ಮೊದಲಿನಿಂದ ಶುರು. ಅದನ್ನೇ 8 ಎಂಬಿಯ 250 ತುಂಡು ಮಾಡಿ ಒಂದೊಂದಾಗಿ ಕಳುಹಿಸಿದರೆ ನಷ್ಟ ಹೆಚ್ಚೆಂದರೆ 16 ಸೆಕೆಂಡಿನ ಕೆಲಸ. ಅಮೆಜಾನಿನ ಕ್ಲೌಡ್ ಸಂಗ್ರಹ ಸೇವೆ ಎಸ್3 2010ರಲ್ಲಿ ತಂದ ವ್ಯವಸ್ಥೆ ಇದೇ: ಕೋಡ್ ಮೊದಲು ಒಂದು ಅಪ್‌ಲೋಡ್ ಗುರುತು ಪಡೆಯುತ್ತದೆ, ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು ಕಳುಹಿಸುತ್ತದೆ, ತಲುಪಿದ್ದಕ್ಕೆ ಸರ್ವರ್ ಕೊಡುವ ರಸೀದಿಯಂಥ ಇ-ಟ್ಯಾಗನ್ನು ಜೋಪಾನ ಮಾಡುತ್ತದೆ, ಕೊನೆಗೆ ಆ ಪಟ್ಟಿ ಒಪ್ಪಿಸಿದಾಗ ಫೈಲು ಒಂದಾಗುತ್ತದೆ. ಈ ದಾರಿ ನಗರಕ್ಕಿಂತ ಹಳ್ಳಿಗೇ ಹೆಚ್ಚು ಬೇಕಾದದ್ದು ಎಂಬುದು ನನ್ನ ವಾದ.

ಕೋಡ್ ಜಟಿಲವಾಗುತ್ತದೆ ಎನ್ನುವವರಿದ್ದಾರೆ. ಪೈಥಾನಿನ ಬೋಟೊ3 ಲೈಬ್ರರಿ ತುಂಡರಿಸುವ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಪ್ರೋಗ್ರಾಮೇ ನಿಂತುಹೋದರೆ ಮುಂದುವರಿಸಲು ಆ ಅಪ್‌ಲೋಡ್ ಗುರುತನ್ನು ನಾವೇ ಡಿಸ್ಕಿನಲ್ಲಿ ಬರೆದಿಟ್ಟಿರಬೇಕು. ವೇಗ ಹೆಚ್ಚಿದರೆ ಸಾಕೆನ್ನುವ ಮಾತೂ ನಿಲ್ಲದು: ಒಂದೇ ಕೋರಿಕೆಯಲ್ಲಿ 5 ಜಿಬಿಗಿಂತ ದೊಡ್ಡದನ್ನು ಎಸ್3 ಸ್ವೀಕರಿಸುವುದೇ ಇಲ್ಲ. ನಿಜವಾದ ಆಕ್ಷೇಪ ಬೇರೆ. ಅರ್ಧಕ್ಕೆ ಬಿಟ್ಟ ತುಂಡುಗಳು ಕಣ್ಣಿಗೆ ಬೀಳದೆ ಅಲ್ಲೇ ಉಳಿದು ಬಿಲ್ ಏರಿಸುತ್ತವೆ. ಇಂತಿಷ್ಟು ದಿನದಲ್ಲಿ ಅವನ್ನು ಅಳಿಸುವ ನಿಯಮವನ್ನು ಮೊದಲ ದಿನವೇ ಎಸ್3ಯಲ್ಲಿ ಫೈಲುಗಳನ್ನಿಡುವ ಬಕೆಟ್ಟಿಗೆ ಹಾಕಿಡಬೇಕು.